ನೋಡಿದವರ ಪಾಲು

ಭೂಮಿಯಲ್ಲಿ ಸಂಚರಿಸಿ, ಗತಕಾಲದ ಜನತೆಗಳ ಅಂತ್ಯವನ್ನು ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಮಾನವನಿಗೆ ಪದೇ ಪದೇ ಕರೆ ನೀಡುತ್ತದೆ. ಆದ್ದರಿಂದ ಪುರಾತನ ಅವಶೇಷಗಳನ್ನು ನೋಡಲು ಹೋಗುವುದು ಸತ್ಯವಿಶ್ವಾಸಿಗೆ ವ್ಯರ್ಥ ಕೆಲಸವೇನಲ್ಲ. ಆದರೆ ಅಲ್ಲಿ ಯಾರ ಸ್ಥಾನದಲ್ಲಿ ನಿಂತು ನೋಡುತ್ತೇವೆ ಎಂಬುದು ಮುಖ್ಯವಾದ ಪ್ರಶ್ನೆ.

ಟ್ಯುನೀಶಿಯಾದ ಎಲ್ ಜೆಮ್ ಪಟ್ಟಣವನ್ನೇ ತೆಗೆದುಕೊಳ್ಳಿ. ರೋಮನ್ನರ ಆಳ್ವಿಕೆಯಲ್ಲಿ ಆಲಿವ್ ಎಣ್ಣೆಯ ವ್ಯಾಪಾರದಿಂದ ಸಿರಿವಂತವಾಗಿದ್ದ ಈ ಊರಿನಲ್ಲಿ ಕ್ರಿ.ಶ. 238ರ ಸುಮಾರಿಗೆ ಒಂದು ಭಾರೀ ಆಂಫಿಥಿಯೇಟರ್ ಕಟ್ಟಲಾಯಿತು. ನಡುವೆ ಅಂಡಾಕಾರದ ಅಖಾಡ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 35,000 ಮಂದಿ ಕುಳಿತುಕೊಳ್ಳಬಹುದಾದ ಆಸನಗಳು. ಅಖಾಡದ ಕೆಳಗೆ ನೆಲಮಾಳಿಗೆ. ಅಲ್ಲಿಂದಲೇ ಕಾಡುಮೃಗಗಳನ್ನು ಮೇಲಕ್ಕೆತ್ತಿ ಅಖಾಡಕ್ಕೆ ಬಿಡಲಾಗುತ್ತಿತ್ತು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಟಿಕೆಟು ಪಡೆದು ಒಳಹೋಗುವ ಪ್ರವಾಸಿ ನೆಲಮಾಳಿಗೆಯನ್ನು ನೋಡಿ, ಬಳಿಕ ಮೆಟ್ಟಿಲೇರಿ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾನೆ. ತಾನು ಕುಳಿತದ್ದು ಅಂದಿನ ಪ್ರೇಕ್ಷಕನ ಜಾಗದಲ್ಲಿ ಎಂದು ಅವನು ಯೋಚಿಸುತ್ತಾನೆಯೇ?

ಆ ಪ್ರೇಕ್ಷಕರು ರಾಕ್ಷಸರಾಗಿರಲಿಲ್ಲ. ರೈತರು, ವ್ಯಾಪಾರಿಗಳು, ಸಂಸಾರವಂದಿಗರು. ಅವರು ಕತ್ತಿ ಹಿಡಿಯಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ನೋಡಿದರು, ಅಷ್ಟೇ. ಹಾಗಾದರೆ ಅವರ ಅಪರಾಧವೇನು?

ಅದೇ ದೇಶದ ಸ್ಮಿರಾತ್‌ನಲ್ಲಿ ದೊರೆತ, ಈಗ ಸೂಸ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಮೂರನೆಯ ಶತಮಾನದ ಒಂದು ಮೊಸಾಯಿಕ್ ಚಿತ್ರ ಇದಕ್ಕೆ ಉತ್ತರ ನೀಡುತ್ತದೆ. ಬೇಟೆಗಾರರು ಅಖಾಡದಲ್ಲಿ ನಾಲ್ಕು ಚಿರತೆಗಳನ್ನು ಕೊಲ್ಲುವ ದೃಶ್ಯವದು. ಪ್ರತಿ ಚಿರತೆಗೆ 500 ದಿನಾರಿಯಸ್ ನಾಣ್ಯಗಳನ್ನು ಬೇಟೆಗಾರರಿಗೆ ಕೊಡಬೇಕೆಂದು ಘೋಷಕನು ಕೇಳಿದಾಗ, ಮಜೇರಿಯಸ್ ಎಂಬ ಧನಿಕನು 1000 ಕೊಟ್ಟನು. ಜನರು ಅವನನ್ನು ಕೊಂಡಾಡಿದ ಮಾತುಗಳನ್ನೂ ಆ ಚಿತ್ರದಲ್ಲಿ ಬರೆಸಲಾಗಿದೆ. ಆ ಹೊಗಳಿಕೆಗಾಗಿಯೇ ಅವನು ಹಣ ಸುರಿದದ್ದು. ನೋಡುವವರು ಮನೆಯಲ್ಲೇ ಉಳಿದಿದ್ದರೆ ಅವನ ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ.

ಅಲ್‌ಬುರೂಜ್ ಅಧ್ಯಾಯದಲ್ಲಿ ಸತ್ಯವಿಶ್ವಾಸಿಗಳನ್ನು ಬೆಂಕಿಯ ಕಂದಕದಲ್ಲಿ ಸುಟ್ಟವರ ಪ್ರಸ್ತಾಪವಿದೆ. ಅವರು ಆ ಬೆಂಕಿಯ ಬಳಿ ಕುಳಿತು ಅದನ್ನು ನೋಡುತ್ತಿದ್ದರೆಂಬುದನ್ನೂ ಕುರ್‌ಆನ್ ಬಿಡದೆ ತಿಳಿಸುತ್ತದೆ. ಕುಳಿತು ನೋಡುವುದು ಕ್ಷುಲ್ಲಕ ಸಂಗತಿಯಾಗಿದ್ದರೆ ಅದನ್ನು ಎತ್ತಿ ಹೇಳುವ ಅಗತ್ಯವಿತ್ತೇ?

ಅಸಹಾಯಕನಾದ ನೋಡುಗ ಏನು ತಾನೇ ಮಾಡಿಯಾನು ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಕೆಡುಕನ್ನು ಕಂಡವನು ಅದನ್ನು ಕೈಯಿಂದ ತಡೆಯಬೇಕು, ಸಾಧ್ಯವಾಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದಲಾದರೂ ದ್ವೇಷಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಕೊನೆಯದು ವಿಶ್ವಾಸದ ಅತ್ಯಂತ ದುರ್ಬಲ ಸ್ಥಿತಿಯೆಂದೂ ಎಚ್ಚರಿಸಿದ್ದಾರೆ. ಅಸಹಾಯಕನಿಗೆ ಅಷ್ಟಾದರೂ ಉಳಿದಿರುತ್ತದೆ. ಮೋಜಿಗಾಗಿ ಬಂದು ಕುಳಿತವನಿಗೆ ಅದೂ ಉಳಿಯುವುದಿಲ್ಲ.

ಹಾಗಾದರೆ ಇಂತಹ ಸ್ಥಳಗಳಿಗೆ ಹೋಗಲೇಬಾರದೇ? ಹಿ. 9ರಲ್ಲಿ ತಬೂಕ್‌ನ ಯಾತ್ರೆಯ ವೇಳೆ ಪ್ರವಾದಿವರ್ಯರು(ಸ) ಸಮೂದ್ ಜನಾಂಗದ ಪಾಳು ವಸತಿಗಳಿದ್ದ ಹಿಜ್ರ್ ಪ್ರದೇಶವನ್ನು ಹಾದುಹೋದರು. ಅಳುತ್ತಲ್ಲದೆ ಅಲ್ಲಿ ಪ್ರವೇಶಿಸಬಾರದೆಂದು ಸಂಗಾತಿಗಳಿಗೆ ಆದೇಶಿಸಿ, ಸ್ವತಃ ತಲೆಗೆ ವಸ್ತ್ರ ಮುಚ್ಚಿಕೊಂಡು ವೇಗವಾಗಿ ಮುಂದೆ ಸಾಗಿದರು. ಅಲ್ಲಾಹನ ಶಿಕ್ಷೆ ಎರಗಿದ ನೆಲದ ಕುರಿತಾದ ಆ ಆದೇಶವನ್ನು ಎಲ್ ಜೆಮ್‌ಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಇತರರ ವಿನಾಶದ ಸ್ಥಳದಲ್ಲಿ ಮನಸ್ಸು ಹೇಗಿರಬೇಕೆಂಬ ಶಿಷ್ಟಾಚಾರ ಅದರಲ್ಲಿದೆ. ಹೋಗುವವರು ಹೋಗಲಿ. ಕಲ್ಲಿನ ಕೌಶಲಕ್ಕೆ ಬೆರಗಾಗಲಿ. ಮೆಟ್ಟಿಲ ಮೇಲೆ ಕುಳಿತಾಗ ಮಾತ್ರ ಕೆಳಗೆ ಸತ್ತವರನ್ನು ಸ್ಮರಿಸಿ, ಅಂದು ತಾನಿದ್ದರೆ ಎದ್ದು ಹೋಗುತ್ತಿದ್ದೆನೇ ಎಂದು ಆತ್ಮಾವಲೋಕನ ಮಾಡಿಕೊಳ್ಳಲಿ.

ಈ ಪ್ರಶ್ನೆಗೆ ಉತ್ತರ ಹುಡುಕಲು ಟ್ಯುನೀಶಿಯಾಕ್ಕೇ ಹೋಗಬೇಕೆಂದಿಲ್ಲ. ರಸ್ತೆಯಲ್ಲಿ ಗಾಯಗೊಂಡು ಬಿದ್ದವನ ಸುತ್ತ ಮೊಬೈಲ್ ಎತ್ತಿ ನಿಲ್ಲುವವರು, ಗುಂಪೊಂದು ಅಮಾಯಕನನ್ನು ಥಳಿಸುವ ವೀಡಿಯೋವನ್ನು ಊಟದ ಹೊತ್ತಿನಲ್ಲಿ ನೋಡಿ ಹತ್ತು ಮಂದಿಗೆ ಕಳುಹಿಸುವವರು ನಮ್ಮ ನಡುವೆಯೇ ಇದ್ದಾರೆ. ಅಂತಹ ವೀಡಿಯೋ ನಮ್ಮ ಕೈಗೆ ಬಂದಾಗ ಪಕ್ಕದಲ್ಲಿ ನಮ್ಮ ಮಕ್ಕಳಿರುತ್ತಾರೆ. ನಾವು ಏನು ಮಾಡುತ್ತೇವೆಂದು ಅವರು ಗಮನಿಸುತ್ತಾರೆ. ಕಿವಿ, ಕಣ್ಣು ಮತ್ತು ಹೃದಯ ಇವೆಲ್ಲವುಗಳ ಬಗ್ಗೆ ನಾಳೆ ವಿಚಾರಣೆ ನಡೆಯಲಿದೆ ಎಂಬುದನ್ನು ಮರೆಯದಿರೋಣ.