ಸ್ವದೇಹವೂ ಬಂಧುಜನರ ಗುಟ್ಟೂ

ಆಷಾಢ ಶುದ್ಧ ಏಕಾದಶಿಯಂದು ನಮ್ಮ ಮಠಗಳಲ್ಲಿ ತಪ್ತಮುದ್ರಾಧಾರಣೆ ನಡೆಯುವುದು ಆಸ್ತಿಕ ಬಂಧುಗಳಿಗೆಲ್ಲ ವಿದಿತವೇ ಆಗಿದೆ. ಶಂಖಚಕ್ರಗಳ ಬಿಸಿಮುದ್ರೆಯನ್ನು ತೋಳಿಗೆ ಒತ್ತಿಸಿಕೊಂಡು ಬಂದ ತರುಣನೊಬ್ಬನು, ‘ಚರ್ಮದ ಮೇಲೆ ಮುದ್ರೆ ಸಲ್ಲುವುದಾದರೆ ಚರ್ಮದೊಳಗೆ ಚಿಪ್ ಏಕೆ ಸಲ್ಲದು? ದೇಹ ನನ್ನದಲ್ಲವೇ?’ ಎಂದು ಕೇಳಬಹುದು. ಇದು ಉದ್ಧಟತನದ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ.

ತನ್ನ ದೇಹವನ್ನು ತಾನೇ ಪ್ರಯೋಗಶಾಲೆಯಾಗಿಸಿಕೊಳ್ಳುವ ಈ ಹವ್ಯಾಸಕ್ಕೆ ಬಯೋಹ್ಯಾಕಿಂಗ್ ಎಂದು ಹೆಸರು. 1998ರ ಆಗಸ್ಟ್ 24ರಂದು ಇಂಗ್ಲೆಂಡಿನ ಪ್ರಾಧ್ಯಾಪಕ ಕೆವಿನ್ ವಾರ್ವಿಕ್ ತನ್ನ ತೋಳಿನಲ್ಲಿ ಚಿಪ್ ಒಂದನ್ನು ಹುದುಗಿಸಿಕೊಂಡನು. ವಿಶ್ವವಿದ್ಯಾಲಯದ ಬಾಗಿಲುಗಳು ಅವನನ್ನು ಕಂಡೊಡನೆ ತಾವಾಗಿಯೇ ತೆರೆದುಕೊಂಡವು. ಒಂಬತ್ತು ದಿನಗಳ ಬಳಿಕ ಅದನ್ನು ತೆಗೆಸಿದನು. ಈಗಿನ ಚಿಪ್‌ಗಳು ಸಿರುಗುಪ್ಪದ ಸೋನಾ ಮಸೂರಿಯ ಎರಡು ಕಾಳುಗಳನ್ನು ಉದ್ದಕ್ಕೆ ಜೋಡಿಸಿದಷ್ಟೇ ಇರುತ್ತವೆ; ಸ್ವೀಡನ್ನಿನಲ್ಲಿ ಸಹಸ್ರಾರು ಮಂದಿ ಕೈಯಲ್ಲಿ ಧರಿಸಿದ್ದಾರೆ. 2017ರಲ್ಲಿ ಅಮೆರಿಕದ ಜೋಸಾಯ ಜೇನರ್ ಎಂಬಾತನು ಸಭೆಯ ಮುಂದೆಯೇ ಜೀನ್ ತಿದ್ದುವ ದ್ರವ್ಯವನ್ನು ತನ್ನ ಮುಂಗೈಗೆ ಚುಚ್ಚಿಕೊಂಡನು. ಇದು ದುಸ್ಸಾಹಸವೇ ಸರಿ. ಸಾಧನೆಗೆಂದು ದೊರೆತ ಶರೀರವನ್ನು ಪ್ರದರ್ಶನಕ್ಕಾಗಿ ಪಣವೊಡ್ಡುವುದನ್ನು ಯಾರೂ ಮೆಚ್ಚಲಾರರು. ಆದರೂ ಮುಳ್ಳು ಚುಚ್ಚಿದ್ದು ಅವನಿಗೇ. ಮುದ್ರೆಯಾಗಲಿ ಹಚ್ಚೆಯಾಗಲಿ ಚಿಪ್ ಆಗಲಿ, ನೋವೂ ಫಲವೂ ಧರಿಸಿದವನಲ್ಲಿಯೇ ನಿಲ್ಲುತ್ತವೆ.

ಹಾಗೆ ನಿಲ್ಲದ ಪ್ರಯೋಗವೊಂದಿದೆ. ಅದು ನೋಡಲು ಅತ್ಯಂತ ಸಾಧು: ಮನೆಯಲ್ಲಿ ಕುಳಿತು ಒಂದು ಕೊಳವೆಗೆ ಉಗುಳಿ, ಅಂಚೆಯಲ್ಲಿ ಕಳುಹಿಸಿ, ಡಿಎನ್‌ಎ ವರದಿ ಪಡೆಯುವುದು. ಹೈದರಾಬಾದಿನಲ್ಲಿಯೇ ಇಂತಹ ಸಂಸ್ಥೆಯಿದೆ. (ಎಂಜಲಿನ ವಿಷಯದಲ್ಲಿ ನಮ್ಮ ಅಜ್ಜಿಯರಿಗಿದ್ದ ಎಚ್ಚರವನ್ನು ನೆನೆದು ನಗು ಬರುತ್ತದೆ; ಅವರ ಕಾರಣ ಬೇರೆ, ಆದರೆ ಎಚ್ಚರ ವ್ಯರ್ಥವಾದುದಲ್ಲ.) ಅಮೆರಿಕದ ಟ್ವೆಂಟಿತ್ರೀ ಆಂಡ್ ಮಿ ಎಂಬ ಸಂಸ್ಥೆ 2007ರಿಂದ ಈ ವ್ಯಾಪಾರ ನಡೆಸಿತು. 2023ರಲ್ಲಿ ಕಳ್ಳರು ನುಗ್ಗಿದ್ದು ಅದರ ಸುಮಾರು 14,000 ಗ್ರಾಹಕರ ಖಾತೆಗಳಿಗೆ ಮಾತ್ರ. ಸೋರಿಹೋದದ್ದು ಸುಮಾರು 69 ಲಕ್ಷ ಮಂದಿಯ ವಿವರ. ಖಾತೆಗಳು ಬಂಧುತ್ವದ ಎಳೆಯಿಂದ ಒಂದಕ್ಕೊಂದು ಹೆಣೆದುಕೊಂಡಿದ್ದುದೇ ಇದಕ್ಕೆ ಕಾರಣ. 2025ರ ಮಾರ್ಚಿಯಲ್ಲಿ ಸಂಸ್ಥೆ ದಿವಾಳಿತನಕ್ಕೆ ಅರ್ಜಿ ಹಾಕಿದಾಗ, ಆ ವಂಶವಿವರಗಳೆಲ್ಲ ಮಾರಾಟಕ್ಕಿಟ್ಟ ಸ್ವತ್ತಿನ ಭಾಗವಾದವು.

ಜೀವಜೀವರಿಗೆ ಭೇದವುಂಟು, ಒಬ್ಬನ ಕರ್ಮ ಇನ್ನೊಬ್ಬನಿಗೆ ಅಂಟದು ಎಂಬುದು ನಮ್ಮ ಸಿದ್ಧಾಂತ. ಆದರೆ ದೇಹದ ಬರಹ ಹಂಚಿಕೊಂಡದ್ದು. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧ, ಸೋದರಮಾವನಿಗೂ ಅಕ್ಕನ ಮಗಳಿಗೂ ಕಾಲುಭಾಗ ಒಂದೇ. ಈ ಲೆಕ್ಕ ನಮ್ಮ ಪ್ರಾಂತಕ್ಕೆ ಬಲು ಹತ್ತಿರದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲಿಯೇ ಆದವು. ಗೋತ್ರವು ತಂದೆಯ ಕಡೆಯಿಂದ ಮಾತ್ರ ಹರಿಯುವುದರಿಂದ ಸೋದರಮಾವ, ಸೋದರಸೊಸೆಯರು ಭಿನ್ನಗೋತ್ರದವರೇ. ಪುರೋಹಿತರ ಪರೀಕ್ಷೆಯಲ್ಲಿ ಸಂಬಂಧ ಸುಲಭವಾಗಿ ತೇರ್ಗಡೆಯಾಗುತ್ತದೆ. ಡಿಎನ್‌ಎ ಮಾತ್ರ ತಾಯಿಯ ಕಡೆಯದನ್ನೂ ಸಮನಾಗಿ ಎಣಿಸುತ್ತದೆ.

ಸಿರುಗುಪ್ಪದ ಒಬ್ಬ ವರನಿಗೆ ಕುರುಗೋಡಿನಲ್ಲಿರುವ ಅಕ್ಕನ ಮಗಳನ್ನು ಕೊಡುವ ಮಾತಾಗಿದೆಯೆಂದು ಭಾವಿಸೋಣ. ಅವನು ಕುತೂಹಲಕ್ಕೆಂದು ಉಗುಳು ಕಳುಹಿಸಿದನು. ತಲಸ್ಸೀಮಿಯಾ ವಾಹಕನೆಂದು ವರದಿ ಬಂತು. ವಾಹಕನಿಗೆ ಅದರಿಂದ ಕಾಯಿಲೆಯಿಲ್ಲ. ಆದರೆ ಅಕ್ಕನೂ ವಾಹಕಳಾಗಿರುವ ಸಂಭವ ಸುಮಾರು ಎರಡರಲ್ಲೊಂದು, ಅವಳ ಮಗಳದ್ದು ನಾಲ್ಕರಲ್ಲೊಂದು. ದಂಪತಿಗಳಿಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ರೋಗದ ಸಂಭವ ನಾಲ್ಕರಲ್ಲೊಂದು. ಹುಡುಗಿ ಯಾವ ಕೊಳವೆಗೂ ಉಗುಳಿಲ್ಲ. ಆದರೂ ಅವಳ ಗುಟ್ಟಿನ ಒಂದು ತುಣುಕು ಅವನ ಕೈಸೇರಿದೆ. ಕಾರಣ ಹೇಳದೆ ಹಿಂದೆ ಸರಿದರೆ ‘ಹುಡುಗಿಯಲ್ಲೇನೋ ಐಬಿದೆ’ ಎಂದು ಊರು ಆಡಿಕೊಳ್ಳುತ್ತದೆ. ಕಾರಣವನ್ನು ಸಾರಿದರೆ ಅವಳ ಬೇರೆ ಸಂಬಂಧಗಳೂ ತಪ್ಪುತ್ತವೆ. ಮುಚ್ಚಿಟ್ಟು ಮದುವೆಯಾದರೆ ತಿಂಗಳು ತಿಂಗಳೂ ರಕ್ತ ಹಾಕಿಸಿಕೊಳ್ಳಬೇಕಾದ ಶಿಶುವಿನ ಮುಂದೆ ಅವನೇನು ಹೇಳಬಲ್ಲನು?

ಇಲ್ಲಿ ‘ದೇಹ ನನ್ನದು’ ಎಂಬ ಮಾತು ನಿಲ್ಲುವುದಿಲ್ಲ. ಸ್ವಾತಂತ್ರ್ಯವು ಶ್ರೀಹರಿಯೊಬ್ಬನದೇ ಎಂದು ನಿತ್ಯ ಹೇಳುವ ನಮಗೆ ಇದು ಅಪರಿಚಿತವಾದ ಪಾಠವಲ್ಲ. ಆದರೆ ಅಷ್ಟಕ್ಕೇ ಪರೀಕ್ಷೆ ಪಾಪವೆನ್ನುವುದೂ ತಪ್ಪು, ಅರಿಯದಿರುವಿಕೆಯೂ ಕೊಲ್ಲಬಲ್ಲದು. ವೈಶ್ಯ ಸಮಾಜದ ಕೆಲವರಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಕೊಟ್ಟರೆ ಉಸಿರು ಗಂಟೆಗಟ್ಟಲೆ ಮರಳದಿರಬಹುದು. ಆ ಮನೆತನದ ಒಬ್ಬರು ತಿಳಿದು ಹೇಳಿದರೆ ಹತ್ತು ಮಂದಿಯ ಪ್ರಾಣ ಉಳಿದೀತು. ಅಲ್ಲಿ ಗುಟ್ಟು ಕಾಯುವುದೇ ಅಧರ್ಮ.

ಆದಕಾರಣ ಪ್ರಶ್ನೆ ಪರೀಕ್ಷೆಯದಲ್ಲ, ಅನುಕ್ರಮದ್ದು. ಉಗುಳುವ ಮುನ್ನ ಆ ವರನು ಅಕ್ಕನನ್ನು ಕೇಳಬೇಕಾಗಿತ್ತು. ಈಗ ತಿಳಿದ ಮೇಲೆ, ಊರಿಗೂ ಬೀಗರಿಗೂ ಮೊದಲು, ಏಕಾಂತದಲ್ಲಿ ಅಕ್ಕನಿಗೂ ಹುಡುಗಿಗೂ ಹೇಳತಕ್ಕದ್ದು. ಮುಂದಿನದನ್ನು ತಿಳಿಯುವುದೂ ಬಿಡುವುದೂ ಅವಳ ಇಷ್ಟ. ತಿಳಿಯಬಯಸಿದಲ್ಲಿ ಹೈದರಾಬಾದಿಗೆ ಏನನ್ನೂ ಕಳುಹಿಸಬೇಕಾಗಿಲ್ಲ. ವೈದ್ಯರಲ್ಲಿ ಹಿಮೋಗ್ಲೋಬಿನ್‌ನ ರಕ್ತಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಜಾತಕ ತೆಗೆಯುವ ಮೊದಲೇ ಎರಡೂ ಮನೆಯವರು ಅದನ್ನು ಮಾಡಿಸಬಹುದು.