ದಾನದ್ರವ್ಯದ ಮೂಲ

ಪ್ರಾಚೀನ ರೋಮ್ ನಗರದಲ್ಲಿ ಚಕ್ರವರ್ತಿಗಳು ಪ್ರಜೆಗಳ ಉಪಯೋಗಕ್ಕಾಗಿ ಭವ್ಯವಾದ ಸಾರ್ವಜನಿಕ ಚೌಕಗಳನ್ನು ಕಟ್ಟಿಸಿದರು. 'ಫೋರಂ' ಎನಿಸಿದ ಈ ಅಂಗಣಗಳಲ್ಲಿ ದೇವಾಲಯ, ನ್ಯಾಯಸಭೆ, ಗ್ರಂಥಾಲಯಗಳಿದ್ದವು. ಲೋಕೋಪಯೋಗಿಯಾದ ಇಂತಹ ನಿರ್ಮಾಣವನ್ನು ದಾನವೆನ್ನಬಹುದೇ? ಶ್ರಾವಕಾಚಾರದ ದೃಷ್ಟಿಯಿಂದ ಉತ್ತರಿಸಬೇಕಾದರೆ ಕಟ್ಟಡದ ಸೊಬಗಿಗಿಂತ ಮೊದಲು ದ್ರವ್ಯದ ಮೂಲವನ್ನು ವಿಚಾರಿಸಬೇಕಾಗುತ್ತದೆ.

ಈ ಚೌಕಗಳಲ್ಲಿ ಅತಿ ದೊಡ್ಡದು ಟ್ರಾಜನ್ ಚಕ್ರವರ್ತಿಯದು. ಕ್ರಿ.ಶ. 112ರಲ್ಲಿ ಅದರ ಉದ್ಘಾಟನೆಯಾಯಿತು. ಇಂದಿನ ರುಮೇನಿಯಾ ಪ್ರದೇಶದಲ್ಲಿದ್ದ ಡೇಸಿಯಾ ರಾಜ್ಯವನ್ನು ಎರಡು ಯುದ್ಧಗಳಲ್ಲಿ ಗೆದ್ದು ತಂದ ಕೊಳ್ಳೆಯೇ ಅದರ ಬಂಡವಾಳ. ಇದನ್ನು ಮರೆಮಾಚಲೂ ಇಲ್ಲ. ಯುದ್ಧಲಬ್ಧ ಧನದಿಂದ ಕಟ್ಟಿದ್ದೆಂದು ಅಲ್ಲಿಯೇ ಬರೆಯಿಸಲಾಗಿತ್ತು. ಮರುವರ್ಷ ಪೂರ್ಣಗೊಂಡ, ಸುಮಾರು 38 ಮೀಟರ್ ಎತ್ತರದ ಸ್ತಂಭದ ಮೇಲೆ ಉರಿಯುವ ಊರುಗಳೂ ಸೆರೆಯಾಳುಗಳೂ ಇಂದಿಗೂ ಕಾಣುತ್ತವೆ.

ಅವನಿಗಿಂತ ಹಿಂದಿನ ಆಗಸ್ಟಸ್ ಚಕ್ರವರ್ತಿಯ ನಡತೆ ಇನ್ನಷ್ಟು ವಿಚಾರಾರ್ಹವಾದುದು. ಅವನ ಚೌಕದಲ್ಲಿನ ದೇವಾಲಯವು ಕ್ರಿ.ಪೂ. 2ರಲ್ಲಿ ಪ್ರತಿಷ್ಠಾಪಿತವಾಯಿತು. ನೆರೆಯ ಮನೆಗಳನ್ನು ಒಡೆಯರಿಂದ ಕಸಿದುಕೊಳ್ಳಲು ಧೈರ್ಯ ಸಾಲದೆ ಅವನು ಚೌಕವನ್ನೇ ಕಿರಿದುಗೊಳಿಸಿದನೆಂದು ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಈ ಸಂಯಮ ಮೆಚ್ಚತಕ್ಕದ್ದೇ. ಆದರೆ ಅದೇ ಚೌಕವನ್ನು ಯುದ್ಧದ ಕೊಳ್ಳೆಯಿಂದ ಕಟ್ಟಿಸಿದೆನೆಂದು ಆಗಸ್ಟಸನೇ ತನ್ನ ಸಾಧನೆಗಳ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಕಣ್ಣೆದುರಿನ ನೆರೆಯವನ ಗೋಡೆಯನ್ನು ಮುಟ್ಟಲು ಅಳುಕಿದ ಕೈ ದೂರದವರ ಸರ್ವಸ್ವವನ್ನು ಎತ್ತಿಕೊಳ್ಳಲು ಅಳುಕಲಿಲ್ಲ. ನೆರೆಹೊರೆಯ ಮಟ್ಟಿಗೆ ಪಾಲಿಸಿದ ಅಚೌರ್ಯವು ಲೋಕಮರ್ಯಾದೆಯಾಗಬಹುದು, ವ್ರತವಾಗದು.

ಬಂದ ಧನವನ್ನು ಭೋಗಕ್ಕೆ ಸುರಿಯುವುದಕ್ಕಿಂತ ಲೋಕಹಿತಕ್ಕೆ ಕೊಡುವುದು ಲೇಸಲ್ಲವೇ ಎಂದು ಕೆಲವರು ಕೇಳಬಹುದು. ಲೇಸೇ ಸರಿ; ಅಷ್ಟರಮಟ್ಟಿಗೆ ಲೋಭ ತಗ್ಗುತ್ತದೆ. ಆದರೆ ಕಳೆದುಕೊಂಡವನಿಗೆ ಅದರಿಂದ ಏನೂ ಮರಳಲಿಲ್ಲ. ಅನ್ಯಾಯದ ಗಳಿಕೆಗೆ ಮೊದಲ ಪರಿಹಾರ ದಾನವಲ್ಲ, ಹಿಂದಿರುಗಿಸುವುದು.

ಆದುದರಿಂದಲೇ ಹದಿಮೂರನೆಯ ಶತಮಾನದ ಪಂಡಿತ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ ಯೋಗ್ಯ ಗೃಹಸ್ಥನ ಲಕ್ಷಣಗಳನ್ನು ನ್ಯಾಯಾರ್ಜಿತ ಧನದಿಂದಲೇ ಆರಂಭಿಸಿದ್ದಾನೆ. ಕದ್ದು ತಂದುದನ್ನು ಸ್ವೀಕರಿಸುವುದನ್ನು 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂದಮೇಲೆ ಹೊಣೆ ಕೊಡುವವನದಷ್ಟೇ ಅಲ್ಲ, ಪಡೆಯುವವನದೂ ಹೌದು. ಬಸದಿಯ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತ ಬಂದಾಗ, ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಮುನ್ನ ಆ ಧನದ ಮೂಲವನ್ನು ವಿನಯದಿಂದ ವಿಚಾರಿಸುವುದು ಟ್ರಸ್ಟಿಗಳ ಧರ್ಮ. ಹಾಗೆ ವಿಚಾರಿಸಿದ್ದರಿಂದ ಕಟ್ಟಡ ಕಿರಿದಾದರೆ ಕಿರಿದಾಗಲಿ. ಅದರಿಂದ ಧರ್ಮಕ್ಕೆ ಕುಂದಿಲ್ಲ.