ಗಡಿಯಾರವಿಲ್ಲದ ದಾಳಿ

ಎದುರಾಳಿಗೆ ಸರಿಯಾದ ಉತ್ತರ ಹೊಳೆಯಲಾರದು ಎಂಬ ನಂಬಿಕೆಯ ಮೇಲೆಯೇ ಒಂದು ತಪ್ಪು ನಡೆಯನ್ನು ಆಡಿ ಗೆದ್ದರೆ, ಅದು ಧೈರ್ಯವೋ ಮೋಸವೋ?

1960ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟದಲ್ಲಿ 23ರ ಹರೆಯದ ಮಿಖಾಯಿಲ್ ತಾಲ್ ಬಾತ್ವಿನ್ನಿಕ್‌ನ ಎದುರು ತನ್ನ ಕುದುರೆಯನ್ನು ಬಲಿ ಕೊಟ್ಟ. ಪ್ರೇಕ್ಷಕರ ಗದ್ದಲ ಎಷ್ಟಾಯಿತೆಂದರೆ ಆಟವನ್ನು ಒಳಕೋಣೆಗೆ ಸಾಗಿಸಬೇಕಾಯಿತು. ತಾಲ್ ಗೆದ್ದ, ಆ ವರ್ಷ ಚಾಂಪಿಯನ್ನೂ ಆದ. ಆಮೇಲೆ ನಿಧಾನವಾಗಿ ಕೂತು ನೋಡಿದವರಿಗೆ ಆ ಬಲಿಗೆ ತಕ್ಕ ಉತ್ತರ ಸಿಕ್ಕಿತು. ಗಡಿಯಾರ ಓಡುತ್ತಿದ್ದಾಗ ಬಾತ್ವಿನ್ನಿಕ್‌ಗೆ ಅದು ಸಿಕ್ಕಿರಲಿಲ್ಲ.

ಅಂಚೆ ಚದುರಂಗದ ಲೋಕವೇ ಬೇರೆ. ಕಾರ್ಡಿನಲ್ಲಿ ಒಂದು ನಡೆ ಬರೆದು ಕಳಿಸಿ ದಿನಗಟ್ಟಲೆ ಕಾಯಬೇಕು. ಎದುರಾಳಿ ಪುಸ್ತಕ ತೆರೆಯಬಹುದು, ಕಾಯಿ ಸರಿಸಿ ನೋಡಬಹುದು, ಮಲಗಿ ಎದ್ದು ಮತ್ತೆ ಯೋಚಿಸಬಹುದು. ಅಲ್ಲಿ ಹೆದರಿಸಿ ಗೆಲ್ಲುವುದು ಕಷ್ಟ. ಹಾಗಂತ ದಾಳಿಯೇ ಇಲ್ಲವೆಂದಲ್ಲ. 1965ರಲ್ಲಿ ಶುರುವಾದ ಐದನೆಯ ವಿಶ್ವ ಅಂಚೆ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಹಾನ್ಸ್ ಬರ್ಲಿನರ್ ಕಪ್ಪು ಕಾಯಿಗಳನ್ನು ಆಡುತ್ತ, ಸೋವಿಯತ್ತಿನ ಎಸ್ಟ್ರಿನ್ ಮೇಲೆ ಬಲಿ ಕೊಟ್ಟೇ ಏರಿಹೋದ. ಅದೂ ಎಸ್ಟ್ರಿನ್ ಪರಿಣತನಾಗಿದ್ದ ಆರಂಭದಲ್ಲಿ! ಬೇಕಾದಷ್ಟು ಸಮಯವಿದ್ದೂ ಎಸ್ಟ್ರಿನ್ ಸೋತ. ಎದುರಾಳಿಗೆ ಯೋಚಿಸಲು ಬಿಟ್ಟ ಮೇಲೂ ಆ ದಾಳಿ ನಿಂತಿತ್ತು.

ಹಾಗಾದರೆ ತಾಲ್ ಮೋಸಗಾರನೇ? ನನಗೆ ಹಾಗನ್ನಿಸುವುದಿಲ್ಲ. ಮೋಸವೆಂದರೆ ಮುಚ್ಚಿಡುವುದು, ಮಣೆಯ ಮೇಲೆ ಎಲ್ಲವೂ ತೆರೆದೇ ಇತ್ತು. ಗಡಿಯಾರಕ್ಕೆ ಇಬ್ಬರೂ ಒಪ್ಪಿಯೇ ಕೂತಿದ್ದರು. ತಪ್ಪಾಗುವುದು, ಆ ಒಪ್ಪಿಗೆ ಇಲ್ಲದ ಕಡೆಗೂ ನಾವು ಗಡಿಯಾರವನ್ನು ಹೊತ್ತು ಹೋದಾಗ.

ಕಳೆದ ವರ್ಷ ವಿಭಾಗದ ಸೆಮಿನಾರಿನಲ್ಲಿ ಕಿರಿಯ ಸಂಶೋಧಕಿಯೊಬ್ಬಳಿಗೆ ಒಂದರ ಹಿಂದೆ ಒಂದು ಮೂರು ಪ್ರಶ್ನೆ ಎಸೆದೆ. ಅವಳು ತಡವರಿಸಿದಳು, ಕೆಲವರು ನಕ್ಕರು, ನಾನು ಗೆದ್ದೆ. ರಾತ್ರಿ ಹಾಸ್ಟೆಲಿನಲ್ಲಿ ಅವಳ ಪ್ರಬಂಧ ಓದಿದೆ. ಮೂರಕ್ಕೂ ಉತ್ತರ ಅದರಲ್ಲೇ ಇತ್ತು. ಅವಳು ಬಂದದ್ದು ಒಂದು ವಿಚಾರ ನಿಜವೋ ಅಲ್ಲವೋ ನೋಡಲು. ನಾನು ಅವಳನ್ನು ಕೂರಿಸಿದ್ದು ಗಡಿಯಾರದ ಮುಂದೆ.

ಈಗ ವಾದಕ್ಕಿಳಿಯುವ ಮುಂಚೆ ಒಂದು ಮಾತು ಕೇಳಿಕೊಳ್ಳುತ್ತೇನೆ: ಎದುರಿನವರಿಗೆ ಒಂದು ವಾರ ಸಮಯ ಕೊಟ್ಟರೂ ಇದೇ ಪ್ರಶ್ನೆ ಕೇಳುತ್ತೇನೆಯೇ? ಹೌದಾದರೆ ಎಷ್ಟು ಕಟುವಾಗಿದ್ದರೂ ಕೇಳಬಹುದು.

ಮರುದಿನ ಅವಳಿಗೆ ಕ್ಷಮೆ ಕೋರಿ ಪತ್ರ ಬರೆದೆ. ಹತ್ತು ದಿನದ ಮೇಲೆ ಉತ್ತರ ಬಂತು, ಜೊತೆಗೆ ನನ್ನ ಅಧ್ಯಾಯದ ಬಗ್ಗೆ ಒಂದೇ ಒಂದು ಪ್ರಶ್ನೆ. ಅದಕ್ಕೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.